ಸೀಟಿಗೆ ಮುಟ್ಟುವ ಸುದ್ದಿ: ಮನೆಯ ರೇಸಿಂಗ್ ಸಿಮ್ಯುಲೇಟರಿನಲ್ಲಿ ಕಂಪನದ ಆಂಪ್ಲಿಫೈಯರ್

ನಿಪ್ಪಾಣಿ, ಬೇಡಕಿಹಾಳ, ಚಿಕ್ಕೋಡಿ, ರಾಯಬಾಗ ಸೀಮೆಯಲ್ಲಿ ಆಂಪ್ಲಿಫೈಯರ್ ಎಂದೊಡನೆ ಕಣ್ಣಿಗೆ ಕಟ್ಟುವುದು ಡಾಲ್ಬಿ. ಗಣಪತಿ ಬಿಡುವ ದಿನ, ಮದುವೆಯ ವರಾತಿನಲ್ಲಿ, ಜಾತ್ರೆಯಲ್ಲಿ ಟ್ರೇಲರಿನ ಮೇಲೆ ಗೋಡೆಯಂತೆ ಪೇರಿಸಿದ ಬಾಕ್ಸುಗಳು, ಪಕ್ಕದಲ್ಲಿ ಜನರೇಟರು, ರ್‍ಯಾಕಿನಲ್ಲಿ ಸಾಲಾಗಿ ಆಂಪುಗಳು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಸರದಿ ನಿಲ್ಲುವ ಟ್ರ್ಯಾಕ್ಟರುಗಳಲ್ಲೂ ಟೇಪು, ವೂಫರು ತಪ್ಪಿದ್ದಲ್ಲ. ಹೀಗಾಗಿ ಯಾವ ಸ್ಪೀಕರಿಗೆ ಎಷ್ಟು ಓಮ್, ಯಾವ ವೈರು ಎಷ್ಟು ದಪ್ಪ, ಯಾವ ಟ್ರಾನ್ಸ್‌ಫಾರ್ಮರ್ ಎಷ್ಟು ಹೊತ್ತಿಗೆ ಕಾಯುತ್ತದೆ ಎಂಬುದನ್ನು ಕೈಯಿಂದಲೇ ಬಲ್ಲ ಹುಡುಗರು ಇಲ್ಲಿ ಊರೂರಿಗೆ ಸಿಗುತ್ತಾರೆ. ಮನೆಯಲ್ಲಿ ಕಂಪ್ಯೂಟರಿನ ಮುಂದೆ ಸ್ಟೇರಿಂಗು, ಪೆಡಲು, ಸೀಟು ಜೋಡಿಸಿಕೊಂಡು ರೇಸಿಂಗ್ ಸಿಮ್ಯುಲೇಟರ್ ಕಟ್ಟುವವರಿಗೆ ಈ ತಿಳಿವಳಿಕೆ ನೇರವಾಗಿ ಒದಗುತ್ತದೆ; ಸೀಟಿನ ಅಡಿಗೆ ಬಿಗಿಯುವ ಬೇಸ್ ಶೇಕರ್ ಎಂಬುದು ಕಾಗದದ ಕೋನ್ ಇಲ್ಲದ ಸ್ಪೀಕರೇ ತಾನೆ. ಆದರೆ ಡಾಲ್ಬಿ ಕಲಿಸಿದ ಅಳತೆಗೋಲು ಒಂದಿದೆ, ಅದು ಈ ಕೆಲಸವನ್ನು ಕೆಡಿಸುತ್ತದೆ. ಎದೆ ಎಷ್ಟು ನಡುಗಿತು, ಎಷ್ಟು ವಾಟು ಹಾಕಿದೆವು ಎಂಬುದೇ ಆ ಅಳತೆ. ಸಿಮ್ಯುಲೇಟರಿನಲ್ಲಿ ಕಂಪನದ ಬೆಲೆ ನಿಂತಿರುವುದು ಅದು ಚಾಲಕನಿಗೆ ಏನನ್ನು ತಿಳಿಸುತ್ತದೆ ಎಂಬುದರ ಮೇಲೆ. ಯಾವ ಆಂಪು, ಎಷ್ಟು ಶೇಕರು, ಎಲ್ಲಿ ಬಿಗಿಯಬೇಕು, ಕರೆಂಟು ಹೇಗೆ ಕೊಡಬೇಕು ಎಂಬ ಪ್ರಶ್ನೆಗಳನ್ನೆಲ್ಲ ಈ ಒಂದು ಮಾತಿನಿಂದ ನೋಡಿದರೆ ಉತ್ತರಗಳು ಬಹುಮಟ್ಟಿಗೆ ತಾವಾಗಿಯೇ ಹೊರಡುತ್ತವೆ, ಮತ್ತು ಖರ್ಚೂ ಇಳಿಯುತ್ತದೆ.

ಓಟದ ಹುಚ್ಚು ಈ ಸೀಮೆಗೆ ಹೊಸದೇನಲ್ಲ. ಎತ್ತಿನ ಗಾಡಿಯ ಶರ್ಯತ್ತುಗಳಿಗೆ ಇಲ್ಲಿ ಸೇರುವ ಜನವೇ ಅದಕ್ಕೆ ಸಾಕ್ಷಿ. 2023ರ ಮೇ 18ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಕಂಬಳಗಳ ಜೊತೆಗೆ ಗಾಡಿ ಓಟಕ್ಕೆ ಸಂಬಂಧಿಸಿದ ರಾಜ್ಯ ಕಾನೂನುಗಳನ್ನೂ ಎತ್ತಿಹಿಡಿಯಿತು. ಮೋಟಾರು ಓಟದ ಮಾತು ಬೇರೆ. ಹತ್ತಿರದ ಕೊಲ್ಲಾಪುರದಲ್ಲಿ ಮೋಹಿತೆ ರೇಸಿಂಗ್ ಅಕಾಡೆಮಿಯ ಗೋ-ಕಾರ್ಟ್ ಟ್ರ್ಯಾಕು ಇದೆ. ಕಾರು ಓಡಿಸುವ ಪೂರ್ಣ ಪ್ರಮಾಣದ ಟ್ರ್ಯಾಕು ಬೇಕೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ, ಕೊಯಮತ್ತೂರಿನ ಕರಿ ಟ್ರ್ಯಾಕಿಗೋ, 2011ರಲ್ಲಿ ಫಾರ್ಮುಲಾ ಒನ್ ಕಂಡ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿಗೋ ಹೋಗಬೇಕು. ಅಷ್ಟು ದೂರ, ಅಷ್ಟು ದುಡ್ಡು. 2008ರಲ್ಲಿ ಬಂದ ಐರೇಸಿಂಗ್, 2014ರಲ್ಲಿ ಬಂದ ಅಸೆಟ್ಟೊ ಕೋರ್ಸಾದಂಥ ಸಿಮ್ಯುಲೇಟರುಗಳು ಈ ದೂರವನ್ನು ಕೋಣೆಯೊಳಕ್ಕೆ ತಂದಿವೆ. ಇವುಗಳಲ್ಲಿ ಕಣ್ಣಿಗೂ ಕಿವಿಗೂ ಬೇಕಾದ್ದು ಸಿಗುತ್ತದೆ, ಸ್ಟೇರಿಂಗಿನ ಮೂಲಕ ಕೈಗೂ ಸಿಗುತ್ತದೆ. ಸಿಗದೆ ಉಳಿಯುವುದು ಬೆನ್ನಿಗೂ ತೊಡೆಗೂ ಪಾದಕ್ಕೂ ಬರಬೇಕಾದ ಸುದ್ದಿ.

ಕಂಪನವನ್ನು ಸುದ್ದಿಯಾಗಿ ಬಳಸುವ ಪದ್ಧತಿ ಆಟದ ಲೋಕದ ಹೊರಗೂ ಇದೆ, ಅಲ್ಲಿಂದಲೇ ಒಳ್ಳೆಯ ಪಾಠ ಸಿಗುತ್ತದೆ. ನಿಪ್ಪಾಣಿಯನ್ನು ಹಾಯ್ದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಅಲ್ಲಲ್ಲಿ ರಸ್ತೆಗೆ ಅಡ್ಡಲಾಗಿ ಬಳಿದ ದಪ್ಪ ಬಿಳಿ ಪಟ್ಟೆಗಳ ಮೇಲೆ ಗಾಡಿ ಹೋದಾಗ ತೂಕಡಿಸುತ್ತಿದ್ದ ಡ್ರೈವರು ಎಚ್ಚರಗೊಳ್ಳುತ್ತಾನೆ. ಆ ಪಟ್ಟೆಗಳು ಅವನನ್ನು ಅಲ್ಲಾಡಿಸಿ ರಂಜಿಸುವುದಿಲ್ಲ, ‘ಮುಂದೆ ಏನೋ ಇದೆ, ನಿಧಾನಿಸು’ ಎಂಬ ಒಂದೇ ಮಾತನ್ನು ಸೊಂಟಕ್ಕೆ ಹೇಳುತ್ತವೆ. ಎಬಿಎಸ್ ಇರುವ ಕಾರಿನಲ್ಲಿ ಬ್ರೇಕು ಒತ್ತಿ ಹಿಡಿದಾಗ ಪಾದಕ್ಕೆ ತಟತಟ ಎನ್ನಿಸುವುದೂ ಚಕ್ರ ಹಿಡಿತ ಬಿಡುತ್ತಿರುವ ಸುದ್ದಿಯೇ. ದೊಡ್ಡ ವಿಮಾನಗಳಲ್ಲಿ ರೆಕ್ಕೆ ಎತ್ತುಬಲ ಕಳೆದುಕೊಳ್ಳುವ ಹಂತಕ್ಕೆ ಬಂದರೆ ಪೈಲಟ್ಟಿನ ಕೈಯಲ್ಲಿರುವ ಕಂಟ್ರೋಲ್ ಕಾಲಮ್ಮನ್ನು ಒಂದು ಮೋಟಾರು ಗಡಗಡ ನಡುಗಿಸುತ್ತದೆ. ಅದು ಗಾಳಿಯ ನಡುಕವಲ್ಲ, ಬೇಕೆಂದೇ ಹುಟ್ಟಿಸಿದ್ದು. ಆದರೂ ದಶಕಗಳಿಂದ ಪೈಲಟ್ಟುಗಳು ಅದನ್ನು ನಂಬಿದ್ದಾರೆ, ಯಾಕೆಂದರೆ ಅದರ ಅರ್ಥ ಒಂದೇ, ಮತ್ತು ಅದು ಬೇರಾವುದರ ಜೊತೆಗೂ ಬೆರೆಯುವುದಿಲ್ಲ. ಇದಕ್ಕೆ ವಿರುದ್ಧದ ಉದಾಹರಣೆ ಸಿನಿಮಾದಲ್ಲಿದೆ. 1974ರಲ್ಲಿ ಯೂನಿವರ್ಸಲ್ ಕಂಪನಿ ‘ಅರ್ಥ್‌ಕ್ವೇಕ್’ ಚಿತ್ರಕ್ಕಾಗಿ ಸೆನ್ಸರೌಂಡ್ ಎಂಬ ವ್ಯವಸ್ಥೆ ತಂದು, ಭಾರಿ ಸ್ಪೀಕರುಗಳಿಂದ ಚಿತ್ರಮಂದಿರವನ್ನೇ ನಡುಗಿಸಿತು. ನಾಲ್ಕಾರು ಚಿತ್ರಗಳಾಗುವಷ್ಟರಲ್ಲಿ ಅದರ ಕಥೆ ಮುಗಿಯಿತು. ಶಕ್ತಿಗೆ ಅಲ್ಲಿ ಕೊರತೆ ಇರಲಿಲ್ಲ. ಆದರೆ ಹೇಳಲು ಇದ್ದದ್ದು ಒಂದೇ ಮಾತು, ಭೂಮಿ ನಡುಗುತ್ತಿದೆ ಎಂದು. ಅದೇ ಕಾಲದ ಆಟದ ಯಂತ್ರಗಳ ದಾರಿ ಬೇರೆಯಾಗಿತ್ತು. 1976ರ ಸೆಗಾ ಕಂಪನಿಯ ‘ಮೋಟೋ-ಕ್ರಾಸ್’ ಯಂತ್ರದಲ್ಲಿ ಇನ್ನೊಂದು ಗಾಡಿಗೆ ಡಿಕ್ಕಿಯಾದಾಗ ಮಾತ್ರ ಹ್ಯಾಂಡಲು ನಡುಗುತ್ತಿತ್ತು. 1997ರ ನಿಂಟೆಂಡೋ ರಂಬಲ್ ಪ್ಯಾಕಿನಿಂದ ಇಂದಿನ ಆಟದ ಕಂಟ್ರೋಲರುಗಳವರೆಗೆ ಉಳಿದು ಬಂದದ್ದು ಘಟನೆಗೆ ತಕ್ಕ ಆ ನಡುಕವೇ.

ಶರೀರದ ಕಡೆಯಿಂದಲೂ ಇದೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ಚರ್ಮದಲ್ಲಿ ಕಂಪನವನ್ನು ಗ್ರಹಿಸುವ ನರತುದಿಗಳು ಹಲವು ಬಗೆ. ಮೈಸ್ನರ್ ಕಣಗಳು ಸುಮಾರು 10ರಿಂದ 50 ಹರ್ಟ್ಸ್‌ನ ನಿಧಾನದ ಕಂಪನಕ್ಕೆ ಚುರುಕು. ಇನ್ನೂ ಆಳದಲ್ಲಿರುವ ಪಸೀನಿಯನ್ ಕಣಗಳು 200ರಿಂದ 300 ಹರ್ಟ್ಸ್ ಸುತ್ತ ಅತಿ ಸೂಕ್ಷ್ಮ. ಇಡೀ ಮೈ ಮೇಲೆಕೆಳಗೆ ಅಲುಗುವುದಾದರೆ 4ರಿಂದ 8 ಹರ್ಟ್ಸ್‌ನ ಅಲುಗಾಟವೇ ಹೆಚ್ಚು ತಟ್ಟುತ್ತದೆ ಎಂದು ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಇಲ್ಲಿ ಮುಖ್ಯವಾದದ್ದು ಇನ್ನೊಂದು: ಸ್ಪರ್ಶಕ್ಕೆ ಕಿವಿಯಷ್ಟು ಸ್ವರಜ್ಞಾನವಿಲ್ಲ. ಸ, ರಿ ನಡುವಿನ ಅಂತರವನ್ನು ಕಿವಿ ಸಲೀಸಾಗಿ ಹಿಡಿಯುತ್ತದೆ; ತೊಡೆಗೆ 40 ಹರ್ಟ್ಸ್ ಮತ್ತು 44 ಹರ್ಟ್ಸ್ ಹೆಚ್ಚುಕಡಿಮೆ ಒಂದೇ. ಒಂದು ಬಲವಾದ ಕಂಪನ ಇರುವಾಗ ಅದರ ಪಕ್ಕದ ದುರ್ಬಲ ಕಂಪನ ಮುಚ್ಚಿಹೋಗುವುದೂ ಉಂಟು. ಎಂಜಿನ್ನು, ಗೇರು, ರಸ್ತೆಯ ತಗ್ಗು, ಟ್ರ್ಯಾಕಿನ ಅಂಚಿನ ಉಬ್ಬುಪಟ್ಟಿಯಾದ ಕರ್ಬು, ಚಕ್ರ ಜಾರುವುದು, ಬ್ರೇಕು ಲಾಕ್ ಆಗುವುದು ಎಲ್ಲವನ್ನೂ ಒಂದೇ ಶೇಕರಿಗೆ ಜೋರಾಗಿ ಬಿಟ್ಟರೆ, ಗ್ರಾಮಸಭೆಯಲ್ಲಿ ಎಲ್ಲರೂ ಒಮ್ಮೆಲೇ ಎದ್ದು ಮಾತಾಡಿದಂತೆ ಆಗುತ್ತದೆ. ಗದ್ದಲ ಇರುತ್ತದೆ, ಠರಾವು ಆಗುವುದಿಲ್ಲ. ಆದ್ದರಿಂದ ಹೆಚ್ಚು ವಾಟಿನ ಬದಲು ಹೆಚ್ಚು ಬಿಡಿತನ ಬೇಕು: ಯಾವ ಸುದ್ದಿ ಮೈಯ ಯಾವ ಭಾಗಕ್ಕೆ, ಯಾವ ಆವರ್ತನದಲ್ಲಿ, ಎಷ್ಟು ಹೊತ್ತು ಎಂದು ಹಂಚುವುದು.

ಈ ಹಂಚಿಕೆಯ ಮೊದಲ ಪ್ರಶ್ನೆ ಆಂಪಿಗೆ ಕೊಡುವ ಸಿಗ್ನಲ್ಲು ಎಲ್ಲಿಂದ ಬರಬೇಕು ಎಂಬುದು. ಸುಲಭದ ದಾರಿ ಎಂದರೆ ಆಟದ ಧ್ವನಿಯನ್ನೇ ಎರಡಾಗಿ ಸೀಳಿ, ಒಂದನ್ನು ಹೆಡ್‌ಫೋನಿಗೂ ಇನ್ನೊಂದನ್ನು ಬೇಸ್ ಮಾತ್ರ ಉಳಿಸಿ ಶೇಕರಿಗೂ ಕೊಡುವುದು. ಐದು ನಿಮಿಷದಲ್ಲಿ ಮುಗಿಯುವ ಕೆಲಸ, ಮೊದಲ ದಿನ ಖುಷಿಯೂ ಆಗುತ್ತದೆ. ಆದರೆ ಧ್ವನಿಯಲ್ಲಿ ಇರುವುದು ಕಿವಿಗಾಗಿ ಬೆರೆಸಿದ್ದು: ಎಂಜಿನ್ನಿನ ಗುಡುಗು, ಪಕ್ಕದ ಕಾರಿನ ಸದ್ದು, ಮೆನುವಿನ ಸಂಗೀತ. ಬ್ರೇಕು ಲಾಕ್ ಆಗುವಾಗ ಟೈರು ಕಿರುಚುವ ಸದ್ದು ನೂರಾರು ಹರ್ಟ್ಸ್ ಮೇಲಿರುವುದರಿಂದ ಫಿಲ್ಟರಿನಲ್ಲಿ ಅದು ಉಳಿಯುವುದೇ ಇಲ್ಲ. ಅಂದರೆ ಚಾಲಕನಿಗೆ ತುರ್ತಾಗಿ ಬೇಕಾದ ಸುದ್ದಿಯೇ ಸೋರಿಹೋಗುತ್ತದೆ. ಇನ್ನೊಂದು ದಾರಿ ಟೆಲಿಮೆಟ್ರಿ. ಆಟವು ಪ್ರತಿ ಕ್ಷಣ ಚಕ್ರದ ವೇಗ, ಸಸ್ಪೆನ್ಷನ್ನಿನ ಏರಿಳಿತ, ಎಂಜಿನ್ನಿನ ಸುತ್ತು, ಗೇರು ಇವನ್ನೆಲ್ಲ ಅಂಕಿಗಳಾಗಿ ಹೊರಬಿಡುತ್ತದೆ. ಸಿಮ್‌ಹಬ್‌ನಂಥ ತಂತ್ರಾಂಶ ಆ ಅಂಕಿಗಳಿಂದ ಬೇರೆಬೇರೆ ಕಂಪನಗಳನ್ನು ಹುಟ್ಟಿಸಿ, ಬೇಕಾದ ಚಾನೆಲ್ಲಿಗೆ ಕಳಿಸುತ್ತದೆ. ಗಂಭೀರವಾಗಿ ಕಟ್ಟುವವರಿಗೆ ಇದೇ ಸರಿ ಎಂದು ನಾನು ಹೇಳುತ್ತೇನೆ. ಇದಕ್ಕೂ ಒಂದು ಮಿತಿ ಇದೆ, ಅದನ್ನು ತಿಳಿದಿರಬೇಕು. ಐರೇಸಿಂಗ್‌ನಂಥ ಆಟಗಳ ಟೆಲಿಮೆಟ್ರಿ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಬರುತ್ತದೆ. ಸೆಕೆಂಡಿಗೆ 60 ಮಾದರಿಗಳಿಂದ 30 ಹರ್ಟ್ಸ್‌ಗಿಂತ ಮೇಲಿನ ಕಂಪನವನ್ನು ತಿರುಗಿ ಕಟ್ಟಲು ಗಣಿತ ಬಿಡುವುದಿಲ್ಲ. ಆದ್ದರಿಂದ ಕರ್ಬಿನ ಮೇಲೆ ಹತ್ತಿದಾಗ 50 ಹರ್ಟ್ಸ್‌ನಲ್ಲಿ ಬರುವ ಝುಮ್ಮೆನ್ನುವ ಅನುಭವ ಟ್ರ್ಯಾಕಿನದೇ ಉಬ್ಬುತಗ್ಗಲ್ಲ, ‘ಈಗ ಕರ್ಬಿನ ಮೇಲಿದ್ದೀರಿ’ ಎಂದು ತಂತ್ರಾಂಶ ಮಾಡಿದ ಗುರುತು. ಎಂಜಿನ್ನಿನ ಕಂಪನವೂ ಲೆಕ್ಕದಿಂದ ಹುಟ್ಟಿಸಿದ್ದೇ: ನಾಲ್ಕು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್ನು 900 ಸುತ್ತಿನಲ್ಲಿ ಸೆಕೆಂಡಿಗೆ 30 ಬಾರಿ, 3000ದಲ್ಲಿ 100 ಬಾರಿ, 6000ದಲ್ಲಿ 200 ಬಾರಿ ಉರಿಯುತ್ತದೆ. ನಮ್ಮ ಕಡೆಯ ಮೂರು ಸಿಲಿಂಡರಿನ ಟ್ರ್ಯಾಕ್ಟರು 2000 ಸುತ್ತಿನಲ್ಲಿ 50 ಹರ್ಟ್ಸ್ ಕೊಡುತ್ತದೆ. ಅದರ ಸೀಟಿನ ನಡುಕ ಗೊತ್ತಿದ್ದವರಿಗೆ ಈ ಅಂಕಿಯ ಅರ್ಥ ವಿವರಿಸಬೇಕಾಗಿಲ್ಲ. ರೇಸು ಕಾರಿನ ಎಂಜಿನ್ನು ಓಡುವುದು 100ರಿಂದ 200 ಹರ್ಟ್ಸ್ ಮೇಲೆ, ಸಣ್ಣ ಶೇಕರುಗಳು ಬಲವಾಗಿ ದುಡಿಯುವುದು 40 ಹರ್ಟ್ಸ್ ಆಸುಪಾಸಿನಲ್ಲಿ. ಅಂದಮೇಲೆ ಎಂಜಿನ್ನಿನ ಕಂಪನವನ್ನು ಅರ್ಧಕ್ಕೋ ಕಾಲಿಗೋ ಇಳಿಸಿ ಕೊಡಬೇಕಾಗುತ್ತದೆ, ಮತ್ತು ಅದು ಹಿನ್ನೆಲೆಯಲ್ಲೇ ಇರಬೇಕು.

ಈಗ ಆಂಪಿಗೆ ಬರೋಣ. ಇಲ್ಲಿಯೇ ಹೆಚ್ಚು ದುಡ್ಡು ವ್ಯರ್ಥವಾಗುವುದು. ಮನೆಯ ಸಿಮ್ಯುಲೇಟರಿಗೆ ಹೆಚ್ಚಾಗಿ ಬಳಸುವ ಡೇಟನ್ ಆಡಿಯೋದ ಬಿಎಸ್‌ಟಿ-1 ಶೇಕರು 4 ಓಮ್, 50 ವಾಟಿನದು. ಬಟ್‌ಕಿಕರ್ ಗೇಮರ್ ಮಾದರಿಯ ಜೊತೆಗೆ ಬರುವ ಆಂಪು 90 ವಾಟಿನದು. ಇವು ಮೈಗೆ ನೇರವಾಗಿ ತಾಗುವ ವಸ್ತುಗಳು. ಬಯಲಿನ ಗಾಳಿಯನ್ನು ಅಲ್ಲಾಡಿಸಬೇಕಾದ ಡಾಲ್ಬಿಯ ಲೆಕ್ಕ ಇವಕ್ಕೆ ಸಲ್ಲದು. 50 ವಾಟನ್ನು 200ಕ್ಕೆ ಏರಿಸಿದರೆ ಸಿಗುವುದು 6 ಡೆಸಿಬಲ್ ಮಾತ್ರ, ಅಂದರೆ ಅಲುಗುವ ಅಂತರ ಎರಡು ಪಟ್ಟು. ಅದಕ್ಕೂ ಮುಂಚೆಯೇ ಶೇಕರಿನ ಸ್ಪ್ರಿಂಗು ಕೊನೆ ಮುಟ್ಟಿ ಟಕಟಕ ಹೊಡೆದುಕೊಳ್ಳಲು ಶುರುವಾಗುತ್ತದೆ, ಸುರುಳಿ ಕಾಯುತ್ತದೆ. ಪೇಟೆಯಲ್ಲಿ ಜೋಡಿಸಿ ಮಾರುವ ಆಂಪುಗಳ ಮೇಲೆ ಬರೆದ ವಾಟುಗಳನ್ನಂತೂ ನಂಬಲೇಬಾರದು. ಮುಚ್ಚಳ ತೆರೆದು ಟ್ರಾನ್ಸ್‌ಫಾರ್ಮರಿನ ಮೇಲೆ 12-0-12, 5 ಆಂಪಿಯರ್ ಎಂದಿದ್ದರೆ ಅದು ಕೊಡಬಲ್ಲದ್ದು ಹೆಚ್ಚೆಂದರೆ 24 ಗುಣಿಸು 5, ಅಂದರೆ 120 ವೋಲ್ಟ್-ಆಂಪಿಯರ್. ಅದರಲ್ಲೂ ಒಂದು ಪಾಲು ಹೀಟ್‌ಸಿಂಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಪೆಟ್ಟಿಗೆಯ ಮೇಲೆ 1000 ವಾಟೆಂದೋ, 5000 ಪಿಎಂಪಿಒ ಎಂದೋ ಅಚ್ಚಾಗಿದ್ದರೆ ಅದು ಅಚ್ಚಿನ ಶಾಯಿಗಷ್ಟೇ ಸೇರಿದ್ದು. ಇದಕ್ಕೆ ಹೋಲಿಸಿದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ 3116 ಎಂಬ ಕ್ಲಾಸ್-ಡಿ ಚಿಪ್ಪಿನ ಅಂಗೈಯಗಲದ ಬೋರ್ಡು ಪ್ರಾಮಾಣಿಕ. 21 ವೋಲ್ಟ್ ಕೊಟ್ಟರೆ 4 ಓಮಿಗೆ ಚಾನೆಲ್ಲಿಗೆ 50 ವಾಟು ಎಂದು ತಯಾರಕರೇ ಹೇಳುತ್ತಾರೆ, ಲೆಕ್ಕವೂ ತಾಳೆಯಾಗುತ್ತದೆ. ಅದೇ ಬೋರ್ಡಿಗೆ ಮನೆಯಲ್ಲಿದ್ದ 12 ವೋಲ್ಟಿನ ಅಡಾಪ್ಟರು ಚುಚ್ಚಿದರೆ ಕೈಗೆ ಬರುವುದು 18 ವಾಟು. ‘ಈ ಬೋರ್ಡಿನಲ್ಲಿ ದಮ್ಮಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಅಡಾಪ್ಟರು. ವಾಟಿಗಿಂತ ಹೆಚ್ಚು ನೋಡಬೇಕಾದದ್ದು ಆಂಪು ಎಷ್ಟು ಕೆಳಗಿನ ಆವರ್ತನದವರೆಗೆ ಇಳಿಯುತ್ತದೆ ಎಂಬುದನ್ನು. ಆಂಪಿನ ಇನ್‌ಪುಟ್ಟಿನಲ್ಲಿ 1 ಮೈಕ್ರೋಫ್ಯಾರಡ್ ಕೆಪಾಸಿಟರು, 10 ಕಿಲೋ ಓಮ್ ಇದ್ದರೆ 16 ಹರ್ಟ್ಸ್ ಕೆಳಗಿನದು ಅಲ್ಲೇ ಸೊರಗುತ್ತದೆ. ಕೆಪಾಸಿಟರು ಇನ್ನೂ ಸಣ್ಣದಾಗಿದ್ದರೆ ರಸ್ತೆಯ ತಗ್ಗುಗಳ ನಿಧಾನದ ಕುಲುಕು ಪೂರ್ತಿ ಮಾಯ. ಡಾಲ್ಬಿಗಾಗಿ ಮಾಡಿದ ಅನೇಕ ದೊಡ್ಡ ಆಂಪುಗಳಲ್ಲಿ ಸ್ಪೀಕರಿನ ರಕ್ಷಣೆಗೆಂದು 30 ಅಥವಾ 50 ಹರ್ಟ್ಸ್ ಕೆಳಗೆ ಕತ್ತರಿಸುವ ಸ್ವಿಚ್ಚು ಇರುತ್ತದೆ, ಜೊತೆಗೆ ಫ್ಯಾನಿನ ಗಾಳಿಸದ್ದು. ಎರಡೂ ಇಲ್ಲಿಗೆ ಬೇಡ. ಓಮಿನ ಲೆಕ್ಕ ಇಲ್ಲಿಯ ಹುಡುಗರಿಗೆ ಕರತಲಾಮಲಕ: 4 ಓಮಿನ ಎರಡು ಶೇಕರು ಸರಣಿಯಲ್ಲಿ 8, ಸಮಾನಾಂತರದಲ್ಲಿ 2; ಸ್ಟೀರಿಯೋ ಬೋರ್ಡಿಗೆ 2 ಓಮ್ ಹಚ್ಚಬಾರದು. ಆದರೆ ಎರಡು ಶೇಕರನ್ನು ಒಂದೇ ಚಾನೆಲ್ಲಿಗೆ ಕಟ್ಟುವುದೇ ನನ್ನ ದೃಷ್ಟಿಯಲ್ಲಿ ತಪ್ಪು. ಹಾಗೆ ಕಟ್ಟಿದರೆ ಎರಡು ಬಾಯಿಗಳು ಒಂದೇ ಮಾತಾಡುತ್ತವೆ. ಎರಡು ಸಣ್ಣ ಬೋರ್ಡುಗಳಿಂದ ನಾಲ್ಕು ಚಾನೆಲ್ಲು, ಬಹುಚಾನೆಲ್ಲಿನ ಒಂದು ಯುಎಸ್‌ಬಿ ಸೌಂಡ್ ಕಾರ್ಡು ಇಷ್ಟಿದ್ದರೆ ಸಾಕು.

ಕರೆಂಟಿನ ವಿಷಯ ಬರೆಯುವವರು ಕಡಿಮೆ, ಅನುಭವಿಸುವವರು ಎಲ್ಲರೂ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್. ಮನೆಯ ಹಾಡಿನ ಸೆಟ್ಟಿನಲ್ಲಿ 50 ಹರ್ಟ್ಸ್‌ನ ಗುಂಯ್ ಸದ್ದು ಸಣ್ಣ ಕಿರಿಕಿರಿ. ಶೇಕರಿಗೆ ಮಾತ್ರ ಅದು ಕೆಲಸದ ಪಟ್ಟಿಯ ನಟ್ಟನಡುವೆ ಬಂದು ಕೂರುತ್ತದೆ. ಕಂಪ್ಯೂಟರು ಒಂದು ಪ್ಲಗ್ಗಿನಿಂದ, ಆಂಪು ಇನ್ನೊಂದು ಕೋಣೆಯ ಪ್ಲಗ್ಗಿನಿಂದ ಕರೆಂಟು ತೆಗೆದುಕೊಂಡು, ಎರಡರ ಅರ್ಥಿಂಗ್ ನಡುವೆ ಸಣ್ಣ ವ್ಯತ್ಯಾಸವಿದ್ದರೆ ಆ ವ್ಯತ್ಯಾಸ ಆಡಿಯೋ ವೈರಿನ ಮೂಲಕ ಹರಿದು, ಕಾರು ನಿಂತಿದ್ದರೂ ಸೀಟು ಸಣ್ಣಗೆ ನಡುಗುತ್ತಲೇ ಇರುತ್ತದೆ. ಬ್ರೇಕಿನ ಗುರುತನ್ನು 50 ಹರ್ಟ್ಸ್ ಆಸುಪಾಸಿನಲ್ಲೇ ಇಟ್ಟಿದ್ದರೆ ಅದು ಈ ನಡುಕದಲ್ಲಿ ಕರಗುತ್ತದೆ. ಇದಕ್ಕೆ ಮದ್ದು ಎರಡು: ಎಲ್ಲ ಉಪಕರಣಗಳಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು; ಅದಕ್ಕೂ ಬಗ್ಗದಿದ್ದರೆ ಆಡಿಯೋ ವೈರಿನ ನಡುವೆ ಸಣ್ಣ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಅದೂ 20 ಹರ್ಟ್ಸ್‌ವರೆಗೆ ಸರಿಯಾಗಿ ದಾಟಿಸುವಂಥದ್ದು. ಮೂರನೆಯ ಮದ್ದೊಂದು ಪ್ರಚಾರದಲ್ಲಿದೆ, ಅದು ವಿಷ. ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ಕಿತ್ತುಹಾಕಿದರೆ ಗುಂಯ್ ನಿಲ್ಲುತ್ತದೆ ನಿಜ. ಆದರೆ ಸಿಮ್ಯುಲೇಟರಿನ ಚೌಕಟ್ಟು ಇಡೀ ಕಬ್ಬಿಣ, ಅದರ ಮೇಲೆ ಕೂತವನು ಬರಿಗಾಲಿನಲ್ಲಿ ಪೆಡಲು ಒತ್ತುತ್ತಾನೆ. ಆಂಪಿನ ಒಳಗೆ ಒಂದು ವೈರು ಸಡಿಲಿ ಕವಚಕ್ಕೆ ತಾಗಿದರೆ 230 ವೋಲ್ಟು ಆ ಪಾದದ ಮೂಲಕವೇ ನೆಲಕ್ಕಿಳಿಯುತ್ತದೆ. ಅರ್ಥಿಂಗ್ ಗುಂಡಿಗೆ ನೀರು ಕಾಣಿಸದೆ ವರ್ಷಗಳಾದ ಮನೆಗಳು ಹಳ್ಳಿಯಲ್ಲಿ ಕಡಿಮೆಯಿಲ್ಲ. ಸಿಮ್ಯುಲೇಟರಿಗೆ ಖರ್ಚು ಮಾಡುವ ಮೊದಲ ದುಡ್ಡು ಅರ್ಥಿಂಗ್ ಪರೀಕ್ಷೆಗೆ ಮತ್ತು ಕರೆಂಟು ಸೋರಿದೊಡನೆ ಕಡಿದುಹಾಕುವ ಒಂದು ಆರ್‌ಸಿಸಿಬಿ ಸ್ವಿಚ್ಚಿಗೆ ಹೋಗಬೇಕು; ಇದರಲ್ಲಿ ರಾಜಿ ಬೇಡ. ಹೊಲದ ಪಂಪುಗಳು ಒಮ್ಮೆಲೇ ಶುರುವಾದಾಗ ವೋಲ್ಟೇಜು ಕುಸಿಯುವುದೂ ಇಲ್ಲಿಯ ದಿನನಿತ್ಯದ ಮಾತು. ಹಳೆಯ ಟ್ರಾನ್ಸ್‌ಫಾರ್ಮರ್ ಆಂಪಿನ ಶಕ್ತಿ ಅದರ ಜೊತೆಗೇ ಕುಸಿಯುತ್ತದೆ, 100ರಿಂದ 240 ವೋಲ್ಟ್‌ವರೆಗೆ ನಡೆಯುವ ಎಸ್‌ಎಂಪಿಎಸ್ ಅಡಾಪ್ಟರಿಗೆ ಅದು ಗೊತ್ತೇ ಆಗುವುದಿಲ್ಲ. ಸ್ಕ್ವೇರ್‌ವೇವ್ ಇನ್ವರ್ಟರಿನ ಮೇಲೆ ಟ್ರಾನ್ಸ್‌ಫಾರ್ಮರ್ ಆಂಪು ಗೊರಗುಟ್ಟುವುದನ್ನೂ ಸೇರಿಸಿದರೆ, ಸಣ್ಣ ಕ್ಲಾಸ್-ಡಿ ಬೋರ್ಡಿನ ಪರವಾದ ವಾದಕ್ಕೆ ಇನ್ನೊಂದು ಬಲ ಬರುತ್ತದೆ.

ಆಂಪು ಎಷ್ಟೇ ಚೆನ್ನಾಗಿರಲಿ, ಕೊನೆಗೆ ಅದು ಅಲುಗಿಸುವುದು ಕಬ್ಬಿಣವನ್ನು. ಈ ಸೀಮೆಯಲ್ಲಿ ಟ್ರೇಲರು, ರಂಟೆ, ಕುಂಟೆ ಮಾಡುವ ವೆಲ್ಡಿಂಗ್ ಅಂಗಡಿ ಇಲ್ಲದ ದೊಡ್ಡ ಊರಿಲ್ಲ. ಆಮದಿನ ಅಲ್ಯುಮಿನಿಯಂ ಪ್ರೊಫೈಲಿನ ಬದಲು ಚೌಕ ಪೈಪಿನ ಚೌಕಟ್ಟನ್ನು ಇಲ್ಲೇ ಬೆಸೆಸಬಹುದು, ಬಿಗಿತನದಲ್ಲಿ ಅದೇನೂ ಕಡಿಮೆಯಿಲ್ಲ. ಸಮಸ್ಯೆ ಬಿಗಿತನದಿಂದಲೇ ಹುಟ್ಟುತ್ತದೆ. ಒಂದೇ ತುಂಡಾಗಿ ಬೆಸೆದ ಚೌಕಟ್ಟಿನಲ್ಲಿ ಪೆಡಲಿನ ಬಳಿ ಹುಟ್ಟಿದ ಕಂಪನ ಸೀಟಿಗೂ, ಸೀಟಿನದು ಸ್ಟೇರಿಂಗಿಗೂ ಹರಿದು, ನಾಲ್ಕು ಚಾನೆಲ್ಲಿಗೆ ಪಟ್ಟ ಶ್ರಮವೆಲ್ಲ ಒಂದೇ ನಡುಕವಾಗಿ ಮುಗಿಯುತ್ತದೆ. ಸೀಟನ್ನೂ ಪೆಡಲಿನ ಹಲಗೆಯನ್ನೂ ಚೌಕಟ್ಟಿನಿಂದ ರಬ್ಬರಿನ ಮೂಲಕ ಬೇರ್ಪಡಿಸಬೇಕು. ಗ್ಯಾರೇಜಿನಲ್ಲಿ ಸಿಗುವ ಎಂಜಿನ್ ಮೌಂಟು, ಸೈಲೆನ್ಸರ್ ರಬ್ಬರು ಇದಕ್ಕೆ ಹೇಳಿ ಮಾಡಿಸಿದಂತಿವೆ. ಇಲ್ಲಿಯೂ ಲೆಕ್ಕವಿದೆ, ಅದನ್ನು ಬಿಟ್ಟವರೇ ರಬ್ಬರು ಹಾಕಿಯೂ ಫಲ ಕಾಣದವರು. ಭಾರ ಬಿದ್ದಾಗ ರಬ್ಬರು 1 ಮಿಲಿಮೀಟರು ಕುಗ್ಗಿದರೆ ಆ ಜೋಡಣೆಯ ಸ್ವಂತ ಆವರ್ತನ ಸುಮಾರು 16 ಹರ್ಟ್ಸ್, ಅದರ 1.4 ಪಟ್ಟು, ಅಂದರೆ 22 ಹರ್ಟ್ಸ್ ದಾಟಿದ ಮೇಲೆಯೇ ತಡೆ ಆರಂಭ. ಕಾಲು ಮಿಲಿಮೀಟರಷ್ಟೇ ಕುಗ್ಗುವ ಗಟ್ಟಿ ರಬ್ಬರಾದರೆ ಸ್ವಂತ ಆವರ್ತನ 32 ಹರ್ಟ್ಸ್‌ಗೆ ಏರಿ, ತಡೆಯುವ ಬದಲು ಅದೇ ಪಟ್ಟಿಯನ್ನು ಹಿಗ್ಗಿಸುತ್ತದೆ. ಆದ್ದರಿಂದ ದಪ್ಪ ನೋಡಿ ಕೊಳ್ಳದೆ, ಕೂತಾಗ ಎಷ್ಟು ಕುಗ್ಗುತ್ತದೆ ಎಂದು ಸ್ಕೇಲಿನಿಂದ ಅಳೆದು ಕೊಳ್ಳಬೇಕು. ಚೌಕಟ್ಟಿಗೂ ತನ್ನದೇ ಒಂದು ಸ್ವರ ಇರುತ್ತದೆ, ಕಂಪನ 35 ಹರ್ಟ್ಸ್‌ಗೋ 60ಕ್ಕೋ ಬಂದಾಗ ಮಾತ್ರ ಯಾವುದೋ ಬೋಲ್ಟು ಹಾಡತೊಡಗುತ್ತದೆ. ಅದನ್ನು ಹಿಡಿಯಲು ದುಬಾರಿ ಯಂತ್ರ ಬೇಡ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಟ್ಟಿರುವ ಫೈಫಾಕ್ಸ್ ಎಂಬ ಆ್ಯಪು ಮೊಬೈಲಿನೊಳಗಿನ ವೇಗೋತ್ಕರ್ಷ ಮಾಪಕದಿಂದ ಕಂಪನದ ಆವರ್ತನಪಟ್ಟಿಯನ್ನೇ ತೋರಿಸುತ್ತದೆ. ಮೊಬೈಲನ್ನು ಸೀಟಿಗೆ ಅಂಟಿಸಿ, 15ರಿಂದ 100 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಬಿಟ್ಟು ನೋಡಿದರೆ ಎಲ್ಲಿ ಶಿಖರ ಏಳುತ್ತದೆಂದು ಕಾಣುತ್ತದೆ. ಈಕ್ವಲೈಜರಿನಲ್ಲಿ ಆ ಜಾಗವನ್ನು ತಗ್ಗಿಸಿದ ಮೇಲೆ, ಅದುವರೆಗೆ ಮುಚ್ಚಿಹೋಗಿದ್ದ ಸಣ್ಣ ಕಂಪನಗಳು ಒಂದೊಂದಾಗಿ ಮೈಗೆ ತಿಳಿಯತೊಡಗುತ್ತವೆ.

ಹೊಂದಿಸುವ ಕ್ರಮವೂ ಇದೇ ತರ್ಕದ್ದು. ಕಂಪ್ಯೂಟರಿನ ಕಡೆಯ ಧ್ವನಿ ಮಟ್ಟ ಎತ್ತರದಲ್ಲಿಟ್ಟು, ಆಂಪಿನ ಗುಂಡಿಯನ್ನು ಸೊನ್ನೆಯಿಂದ ಏರಿಸುತ್ತ, ಅತಿ ಜೋರಿನ ಕಂಪನಕ್ಕೂ ಶೇಕರು ಟಕಟಕ ಅನ್ನದ ಜಾಗದಲ್ಲಿ ನಿಲ್ಲಿಸಿ, ಆಮೇಲೆ ಅದನ್ನು ಮುಟ್ಟಬಾರದು. ಆಂಪಿನ ಬೇಸ್ ಬೂಸ್ಟು ಬಂದ್. ಎಲ್ಲ ಪರಿಣಾಮಗಳನ್ನೂ ಆರಿಸಿ, ಮೊದಲು ಬ್ರೇಕು ಲಾಕ್ ಒಂದನ್ನೇ ಪೆಡಲಿನ ಶೇಕರಿಗೆ ಕೊಟ್ಟು, ಕಣ್ಣು ಮುಚ್ಚಿದರೂ ತಿಳಿಯುವಷ್ಟು ಮಾಡಬೇಕು. ಬಳಿಕ ಹಿಂಚಕ್ರ ಜಾರುವುದನ್ನು ಸೀಟಿಗೆ, ಎಡಬಲ ಕರ್ಬುಗಳನ್ನು ಎಡಬಲ ಚಾನೆಲ್ಲಿಗೆ, ಗೇರಿನ ಒಂದು ಗುದ್ದನ್ನು ಬೆನ್ನಿಗೆ. ಎಂಜಿನ್ನು ಕೊನೆಗೆ, ಅದೂ ಮೊದಲಿನವು ಮಸುಕಾಗದಷ್ಟು ಮಾತ್ರ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಎಂಜಿನ್ನಿನಿಂದ ಶುರುಮಾಡಿ ಅದರಲ್ಲೇ ತೃಪ್ತರಾಗಿ ನಿಲ್ಲುತ್ತಾರೆ. ಇನ್ನೊಂದು ಎಚ್ಚರಿಕೆ: ಆಂಪಿನಲ್ಲಿ ಬ್ಲೂಟೂತ್ ಇದ್ದರೆ ಅದನ್ನು ಬಳಸಬಾರದು. ಬ್ಲೂಟೂತಿನ ವಿಳಂಬ ಸೆಕೆಂಡಿನ ಹತ್ತನೇ ಒಂದರಿಂದ ಐದನೇ ಒಂದು ಭಾಗದವರೆಗೂ ಹೋಗುತ್ತದೆ. ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 50 ಮೀಟರು ಓಡುವುದರಿಂದ, ಚಕ್ರ ಲಾಕ್ ಆದ ಸುದ್ದಿ 5ರಿಂದ 10 ಮೀಟರು ದಾಟಿದ ಮೇಲೆ ಮುಟ್ಟುತ್ತದೆ. ಸ್ಪರ್ಶಕ್ಕೆ ಮೈ ಪ್ರತಿಕ್ರಿಯಿಸುವುದು ಕಣ್ಣಿಗಿಂತ ತುಸು ಬೇಗ ಎಂಬ ಲಾಭವನ್ನೂ ಅದು ನುಂಗಿಹಾಕುತ್ತದೆ.

ಇದಕ್ಕೆಲ್ಲ ಬಲವಾದ ಆಕ್ಷೇಪಗಳಿವೆ. ಮೋಟಾರಿಗೇ ನೇರವಾಗಿ ಜೋಡಿಸಿದ ಒಳ್ಳೆಯ ಡೈರೆಕ್ಟ್ ಡ್ರೈವ್ ಸ್ಟೇರಿಂಗು ಕೊಂಡರೆ ಶೇಕರು ಯಾಕೆ ಬೇಕು ಎನ್ನುತ್ತಾರೆ. ಸ್ಟೇರಿಂಗಿಗೆ ಬರುವುದು ಮುಂದಿನ ಟೈರುಗಳ ಬಲ. ಹಿಂದಿನ ಟೈರು ಜಾರತೊಡಗಿದ ಸುದ್ದಿ ಅದಕ್ಕೆ ಬರುವುದು ತಡವಾಗಿ, ಕಾರು ಆಗಲೇ ತಿರುಗಲು ಶುರುವಾದ ಮೇಲೆ. ದುಬಾರಿ ಸ್ಟೇರಿಂಗು ಸಣ್ಣ ಆಂಪಿನ ಕೆಲಸವನ್ನು ಮಾಡಲಾರದು. ಇನ್ನು ಕೆಲವರು, ನಿಜವಾದ ಕಾರಿನಲ್ಲಿ ಹೀಗೆ ಎಲ್ಲಿ ನಡುಗುತ್ತದೆ, ಇದೆಲ್ಲ ಕೃತಕ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ನಿಜದ ಚಾಲಕ ಜಾರುವಿಕೆಯನ್ನು ಅರಿಯುವುದು ಮೈ ಪಕ್ಕಕ್ಕೆ ಎಳೆದಂತಾಗುವುದರಿಂದ, ಆ ನಿರಂತರ ಎಳೆತವನ್ನು ಯಾವ ಶೇಕರೂ ಕೊಡಲಾರದು. ಆದರೆ ಮೇಲೆ ಹೇಳಿದ ವಿಮಾನದ ಕಂಟ್ರೋಲ್ ಕಾಲಮ್ಮಿನ ನಡುಕವೂ ಕೃತಕವೇ. ಗುರುತು ನಿಜದಂತಿರಬೇಕೆಂದಿಲ್ಲ, ಅರ್ಥ ಸ್ಥಿರವಾಗಿರಬೇಕು, ತಪ್ಪದೆ ಬರಬೇಕು. ಕೆಲವೇ ದಿನಗಳ ಅಭ್ಯಾಸದಲ್ಲಿ ಪಾದ ಆ ಗುರುತನ್ನು ಕಲಿಯುತ್ತದೆ. ಆರೋಗ್ಯದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಕೆಲಸಗಾರರ ಮೈಗೆ ತಟ್ಟುವ ಕಂಪನಕ್ಕೆ ಯುರೋಪಿನ 2002ರ ನಿರ್ದೇಶನ ಎಂಟು ಗಂಟೆಯ ದಿನಕ್ಕೆ 0.5 ಮೀಟರ್ ಪ್ರತಿ ಸೆಕೆಂಡ್ ವರ್ಗವನ್ನು ಎಚ್ಚರಿಕೆಯ ಮಟ್ಟವೆಂದೂ 1.15ನ್ನು ಮಿತಿಯೆಂದೂ ಇಟ್ಟಿದೆ. ಬೆನ್ನಿಗೆ ಕೇಡು ಮಾಡುವುದು ಮುಖ್ಯವಾಗಿ 10 ಹರ್ಟ್ಸ್ ಒಳಗಿನ ದೊಡ್ಡ ಕುಲುಕಾಟ, ಟ್ರ್ಯಾಕ್ಟರಿನಲ್ಲಿ ಸಿಗುವಂಥದ್ದು. ಸಣ್ಣ ಶೇಕರುಗಳು ಅಷ್ಟು ಕೆಳಗೆ ಬಲವಾಗಿ ಇಳಿಯುವುದಿಲ್ಲ. ಹಾಗಿದ್ದರೂ ದಿನವಿಡೀ ಹೊಲದಲ್ಲಿ ಟ್ರ್ಯಾಕ್ಟರು ಹೊಡೆದವನು ರಾತ್ರಿ ಮತ್ತೆ ಮೂರು ತಾಸು ನಡುಗುವ ಸೀಟಿನಲ್ಲಿ ಕೂರುವುದು ಒಳ್ಳೆಯದಲ್ಲ. ಬೆನ್ನುನೋವು ಇದ್ದವರಿಗೆ ಮತ್ತು ಗರ್ಭಿಣಿಯರಿಗೆ ಇದು ಬೇಡವೇ ಬೇಡ.

ನೆರೆಮನೆಯವರ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರ ಸಿಗುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಗೆರೆ ಎಳೆದಿವೆ, ರಾತ್ರಿ ಎಂದರೆ 10ರಿಂದ ಬೆಳಗಿನ 6. ಆದರೆ ಆ ಅಳತೆ ಕಿವಿಯ ಸೂಕ್ಷ್ಮತೆಗೆ ತಕ್ಕಂತೆ ತೂಗಿದ್ದು. 40 ಹರ್ಟ್ಸ್‌ನ ಸದ್ದಿನಿಂದ ಮಾಪಕ 34.6 ಡೆಸಿಬಲ್ ಕಳೆದುಬಿಡುತ್ತದೆ. 80 ಡೆಸಿಬಲ್‌ನ ಗುಂಯ್ ಅದರಲ್ಲಿ 45 ಎಂದಷ್ಟೇ ಕಾಣುತ್ತದೆ. ಡಾಲ್ಬಿಯ ಬೇಸಿನಿಂದ ಕಿಟಕಿಯ ಗಾಜು ಅದುರಿದವರಿಗೆ ಅಂಕಿಗೂ ಅನುಭವಕ್ಕೂ ನಡುವಿನ ಈ ಅಂತರ ಹೊಸದಲ್ಲ. ಶೇಕರು ಗಾಳಿಯಲ್ಲಿ ಸದ್ದು ಮಾಡದೆ ಇರಬಹುದು. ನೆಲ ಮತ್ತು ಗೋಡೆಯ ಮೂಲಕ ಹೋಗುವ ಕಂಪನ ಆರ್‌ಸಿಸಿ ಸ್ಲ್ಯಾಬಿನ ಮನೆಯಲ್ಲಿ ಕೆಳಗಿನ ಕೋಣೆಯವರಿಗೆ ಮುಟ್ಟುತ್ತದೆ, ಗೋಡೆಗೆ ಗೋಡೆ ಹತ್ತಿದ ಓಣಿಯ ಮನೆಗಳಲ್ಲಿ ಪಕ್ಕದವರ ಮಂಚಕ್ಕೂ ಮುಟ್ಟುತ್ತದೆ. ಕೊಟ್ಟಿಗೆಯ ದನಗಳಿಗೆ ಹಾಸುವ ರಬ್ಬರ್ ಮ್ಯಾಟನ್ನು ಚೌಕಟ್ಟಿನ ಅಡಿಗೆ ಹಾಕುವ ಉಪಾಯ ಅಗ್ಗದ್ದು. ಆದರೆ ಅದು ಕುಗ್ಗುವುದು ತೀರ ಕಡಿಮೆಯಾದ್ದರಿಂದ ಮೇಲಿನ ಲೆಕ್ಕದ ಪ್ರಕಾರ 30 ಹರ್ಟ್ಸ್ ಸುತ್ತ ಅದು ಏನನ್ನೂ ತಡೆಯುವುದಿಲ್ಲ. ನಾಲ್ಕು ಮೂಲೆಗೆ ಮೆತ್ತಗಿನ ರಬ್ಬರ್ ಪಾದ ಕೊಟ್ಟು, ಅವು ಕೆಲವು ಮಿಲಿಮೀಟರು ಕುಗ್ಗುವಂತೆ ನೋಡಿಕೊಂಡರೆ ಫಲ ಹೆಚ್ಚು. ಅಷ್ಟಾದ ಮೇಲೂ ನಸುಕಿನಲ್ಲೆದ್ದು ಹಾಲು ಹಿಂಡಬೇಕಾದವರು ಗೋಡೆಯಾಚೆ ಮಲಗಿದ್ದರೆ, ರಾತ್ರಿ ಹತ್ತರ ನಂತರ ಎಂಜಿನ್ನಿನ ಮತ್ತು ರಸ್ತೆಯ ಕಂಪನಗಳನ್ನು ಸಿಮ್‌ಹಬ್‌ನಲ್ಲಿ ಆರಿಸಿ, ಬ್ರೇಕು ಮತ್ತು ಜಾರುವಿಕೆಯ ಎರಡು ಗುರುತುಗಳನ್ನಷ್ಟೇ ಉಳಿಸಿಕೊಂಡು ಓಡಿಸಬಹುದು; ಇಂಥ ಬೇರೆಬೇರೆ ಹೊಂದಿಕೆಗಳನ್ನು ಉಳಿಸಿಟ್ಟುಕೊಳ್ಳಲು ಆ ತಂತ್ರಾಂಶದಲ್ಲೇ ಪ್ರೊಫೈಲುಗಳಿವೆ. ಈ ಎರಡಕ್ಕೂ ಸೇರಿ ಬೇಕಾಗುವುದು ಕೆಲವೇ ವಾಟು, ಅದೂ ಕ್ಷಣಕಾಲ.